ಅಪ್ಪನ ತೋಟದ ಪರ್ಸಿಮನ್

ಗ್ಯುತೆಯ ಕರುಳಿನಲ್ಲಿ ಸಿಕ್ಕಿಹಾಕಿಕೊಂಡಿದ್ದು ನಮ್ಮಪ್ಪನ ತೋಟದ ಹಣ್ಣು.

ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿದ್ದರು. ಆಪರೇಷನ್ ಥಿಯೇಟರ್ ನರ್ಸ್ ಆದ ನಾನು ಪಕ್ಕದಲ್ಲೇ ಇದ್ದೆ. ಸರ್ಜನ್ ಡಾಕ್ಟರ್ ನೋ ಹೊರತೆಗೆದದ್ದು ಕೋಳಿಮೊಟ್ಟೆ ಗಾತ್ರದ ಕಂದು ಉಂಡೆ.

"ಪರ್ಸಿಮನ್ನು. ಸಿಪ್ಪೆ ಸಮೇತ ತಿಂದಿದ್ದಾನೆ, ಒಗರೆಲ್ಲ ಸೇರಿ ಕಲ್ಲಾಗಿದೆ. ಇಪ್ಪತ್ತು ವರ್ಷದಲ್ಲಿ ನಾನು ನೋಡ್ತಿರೋದು ಎರಡನೇದು. ಯಾವ ಪುಣ್ಯಾತ್ಮರು ಇಷ್ಟೊಂದು ತಿನ್ನಿಸಿದ್ರೋ."

ಆ ಪುಣ್ಯಾತ್ಮೆ ನಾನೇ, ಮಾಸ್ಕಿನೊಳಗೆ ಉಸಿರು ಬಿಗಿಹಿಡಿದು ನಿಂತಿದ್ದೆ.

ಎರಡು ತಿಂಗಳಿಂದ ದಿನಾ ಬೆಳಿಗ್ಗೆ, ಸ್ಟ್ರೆಚರ್ ತಳ್ಳುವ ಗ್ಯುತೆಗೆ ಎರಡು ಹಣ್ಣು ಕೊಡುತ್ತಿದ್ದೆ. ಪರ್ಸಿಮನ್ನಿಗೇ ಹೆಸರಾದ ಸಾಂಗ್ಜುವಿನಲ್ಲಿ ಹುಟ್ಟಿದವರಿಗೆ ಪ್ರೀತಿ ತೋರಿಸಲು ಬೇರೇನು ಗೊತ್ತು? ಅವನು ಎರಡೂ ಕೈ ಚಾಚಿ ತೆಗೆದುಕೊಂಡು, ನನ್ನ ಕಣ್ಣನ್ನೇ ನೋಡುತ್ತ ನಿಂತಲ್ಲೇ ತಿನ್ನುತ್ತಿದ್ದ. ಆ ನೋಟದ ಆಸೆಗೆ ಮರುದಿನ ಮತ್ತೆರಡು.

ಹೊರಗೆ ಕೂತಿದ್ದ ಅವನ ಅಮ್ಮ ವಿಷಯ ಕೇಳಿ ಬೆಪ್ಪಾದರು. "ಪರ್ಸಿಮನ್ನಾ? ಚಿಕ್ಕೋನಿದ್ದಾಗಿಂದ ಅವನಿಗೆ ಅದನ್ನ ಕಂಡ್ರೆ ಆಗಲ್ವಲ್ಲಮ್ಮ."



ಆಪರೇಷನ್ ಆದಮೇಲೆ ಕರುಳು ಮತ್ತೆ ಕೆಲಸ ಶುರುಮಾಡಿ ಗ್ಯಾಸ್ ಹೋಗುವವರೆಗೆ ಅವನಿಗೆ ಗಂಜಿಯೂ ಇಲ್ಲ. "ಹೋಯ್ತಾ?" ಎಂದು ಡಾಕ್ಟರು ಕೇಳಿದಾಗಲೆಲ್ಲ ನಾನೂ ಪಕ್ಕದಲ್ಲಿರುತ್ತಿದ್ದೆ. ಅವನು ಗೋಡೆ ನೋಡುತ್ತ "ಇಲ್ಲ" ಎನ್ನುತ್ತಿದ್ದ. ಮೂರನೆಯ ದಿನ ಡಾಕ್ಟರ ಮುಖ ಬಿಗಿಯಿತು.

"ಇನ್ನೊಂದು ಉಂಡೆ ಉಳಿದಿರಬಹುದು. ಸಂಜೆವರೆಗೆ ನೋಡೋಣ. ಆಗ್ಲೂ ಗ್ಯಾಸ್ ಹೋಗ್ದಿದ್ರೆ ಈ ಸಲ ಹೊಟ್ಟೆ ಪೂರ್ತಿ ತೆರೀಬೇಕಾಗುತ್ತೆ."

ಅವರು ಅತ್ತ ಹೋಗುತ್ತಲೇ ನಾನು ಅತ್ತುಬಿಟ್ಟೆ. "ಇಷ್ಟ ಇಲ್ಲ ಅಂತ ಒಂದ್ಮಾತು ಹೇಳ್ಬಾರ್ದಿತ್ತಾ? ನಿನ್ನ ಸಾಯಿಸೇ ಬಿಡ್ತಿದ್ನಲ್ಲೋ."

"ಹೇಳಿದ್ರೆ ಮಾರನೇ ದಿನದಿಂದ ನೀವು ಬರ್ತಿರ್ಲಿಲ್ಲ, ಬೊರಮ್ ಮೇಡಂ."

"ಹಣ್ಣಿಲ್ದೇನೂ ಬರ್ತಿದ್ದೆ. ನಿನ್ನ ಕಂಡ್ರೆ ನಂಗೆ ಪ್ರಾಣ ಕಣೋ."

ಅವನ ಕಿವಿ ಕೆಂಪಾಯಿತು. ಹೊದಿಕೆಯ ಅಂಚನ್ನು ಬಹಳ ಹೊತ್ತು ಹೊಸೆದ.

"ಹಾಗಾದ್ರೆ ನಾನೂ ಒಂದು ನಿಜ ಹೇಳ್ಬೇಕು."

"ಹೇಳು." ನಾನು ಮಂಚದ ಹತ್ತಿರಕ್ಕೆ ಸರಿದೆ.

"ಗ್ಯಾಸ್ ನಿನ್ನೆ ಬೆಳಿಗ್ಗೇನೇ ಹೋಯ್ತು. ನಿಮ್ಮೆದುರು ಹೇಗೆ ಹೇಳೋದು ಅಂತ ಸುಮ್ನಿದ್ದೆ."

ಒಂದು ದಿನವಿಡೀ ಉಪವಾಸ ಬಿದ್ದಿದ್ದಾನೆ ಈ ಪ್ರಾಣಿ, ನನ್ನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು. ಬೈಯಲು ಬಾಯಿ ತೆರೆದರೆ ನಗು ಬಂತು. ಕಾರಿಡಾರಿಗೆ ಓಡಿ ಡಾಕ್ಟರಿಗೆ ಹೇಳಿದೆ. ಅವನ ಅಮ್ಮ ನನ್ನನ್ನು ಅಪ್ಪಿಕೊಂಡು ಅತ್ತರು.

ಮಧ್ಯಾಹ್ನ ಗಂಜಿಯ ಮೊದಲ ಚಮಚ ನಾನೇ ಕುಡಿಸಿದೆ.

"ಹೇಗಿದೆ? ಸುಳ್ಳು ಹೇಳ್ಬೇಡ."

ಅವನು ನನ್ನ ಕಣ್ಣನ್ನೇ ನೋಡಿದ. ನುಂಗಿದ.

"ಉಪ್ಪೇ ಇಲ್ಲ ಕಣೇ," ಎಂದ.