ಬುಡು ಅಂದಿದ್ದು ಯಾರಿಗೆ?

"ನೆಟ್ಟಗಿದ್ದಾಗ ಏನೂ ಕಾಣಲ್ಲ. ಈಗ ನೋಡವ್ವ," ಎಂದು ಮೆಕ್ಯಾನಿಕ್ ವಜೀರ್ ಪಾಷಾ ಕಪ್ಪು ರಬ್ಬರ್ ಪೈಪನ್ನು ಬಗ್ಗಿಸಿದರು.

ಪ್ರಜ್ಞ ಬಗ್ಗಿ ನೋಡಿದಳು. ಅಬ್ಬಬ್ಬಾ! ಪೈಪಿನ ಮೈತುಂಬ ಸಣ್ಣ ಸಣ್ಣ ಬಿರುಕು. ಒಂದು ಕಡೆ ಎಣ್ಣೆ ಜಿನುಗಿ ಒದ್ದೆಯಾಗಿತ್ತು.

"ಇಷ್ಟುದ್ದದ ಪೈಪು ನಮ್ಮ ಎಸ್‌ಯುವಿ ನಿಲ್ಲಿಸುತ್ತಾ ಪಾಷಣ್ಣ?"

"ಪೈಪಲ್ಲ, ಅದರೊಳಗಿನ ಬ್ರೇಕ್ ಆಯಿಲ್ಲು. ನಿಮ್ಮಮ್ಮ ಕಾಲಲ್ಲಿ ಒತ್ತಿದ್ದನ್ನ ಅದು ಚಕ್ರಕ್ಕೆ ಮುಟ್ಟಿಸ್ತದೆ. ಪೈಪು ಒಡೆದ್ರೆ ಆಯಿಲ್ಲೆಲ್ಲ ರೋಡಿಗೆ. ಬ್ರೇಕು ಖಲ್ಲಾಸ್!"

ಪಾಂಡವಪುರದ ಆ ಗ್ಯಾರೇಜಿನಲ್ಲಿ ಪ್ರಜ್ಞಳ ಮನೆಯ ಗಾಡಿ ಮುಂದಿನ ಚಕ್ರಗಳಿಲ್ಲದೆ ಸ್ಟ್ಯಾಂಡಿನ ಮೇಲೆ ಕೂತಿತ್ತು. ಅಜ್ಜಿ ಪುಟ್ಟತಾಯಮ್ಮ ಸ್ಟೂಲಿನ ಮೇಲೆ ಕೂತು ಚಡಪಡಿಸುತ್ತಿದ್ದರು. ಅಮ್ಮ ಮಾನಸ ಬ್ಯಾಂಕಿಗೆ ಹೋಗಿದ್ದಳು. ಅವಳು ಬಂದ ಕೂಡಲೇ ಮೂವರೂ ಮೇಲುಕೋಟೆ ಬೆಟ್ಟ ಹತ್ತಬೇಕು.

ಅಲ್ಲಿ ಅಜ್ಜಿಯ ತಂಗಿ ಅಣ್ಣಮ್ಮನ ಮಗ್ಗದಲ್ಲಿ ಒಂದು ಸೀರೆ ಮುಗಿಯುವುದರಲ್ಲಿತ್ತು. "ಮಗ್ಗದಿಂದ ಸೀರೆ ಕತ್ತರಿಸೋ ಕೆಲ್ಸ ನಿಂದೇ ಕಣೆ. ಊಟದೊತ್ತಿಗೆ ಬಂದ್ಬುಡು, ಸೀರೆಯವ್ರು ಬಂದ್ರೆ ನಾನು ಕಾಯಕ್ಕಾಗಕಿಲ್ಲ" ಎಂದು ಅಣ್ಣಮ್ಮ ಫೋನಿನಲ್ಲಿ ಪ್ರಜ್ಞಳಿಗೆ ಹೇಳಿದ್ದರು. ಆಗಿನಿಂದ ಅವಳಿಗೆ ಬರೀ ಕತ್ತರಿಯದೇ ಧ್ಯಾನ.

ಎರಡೂ ಕಡೆ ಹೊಸ ಪೈಪು ಹಾಕಿದ ಪಾಷಾ ತಲೆ ಎತ್ತಿದರು. "ಈಗ ಒಳಗೆ ಗಾಳಿ ಸೇರ್ಕಂಡದೆ. ಅದನ್ನ ತೆಗೀಬೇಕು. ನಮ್ ಕೆಲ್ಸದ ಹುಡ್ಗ ಫೈಸಲ್ ಮದುವೆಗೋಗವ್ನೆ. ನೀನು ಪೆಡಲ್ ಒತ್ತೀಯಾ?"

ಒತ್ತದೇ ಇರುತ್ತಾಳೆಯೇ! ಮಾತು ಮುಗಿಯುವ ಮೊದಲೇ ಪ್ರಜ್ಞ ಡ್ರೈವರ್ ಸೀಟಿನ ತುದಿಯಲ್ಲಿದ್ದಳು.

"ಹೊಡಿ ಅಂದ್ರೆ ಒತ್ತಿ ಒತ್ತಿ ಎತ್ತು. ಇಡ್ಕೊ ಅಂದ್ರೆ ಅದುಮಿ ಇಡ್ಕೊ. ನಾನು ಬುಡು ಅನ್ನೋಗಂಟ ಕಾಲು ಎತ್ಬ್ಯಾಡ."

"ಎತ್ತಿದ್ರೆ?"

"ಹೊರಗೋದ ಗಾಳಿ ವಾಪಸ್ ಒಳಗೋಯ್ತದೆ."

"ಹೊಡಿ... ಹೊಡಿ... ಇಡ್ಕೊ!" ಪಾಷಾ ಚಕ್ರದ ಹತ್ತಿರ ನಟ್ಟು ಸಡಿಲಿಸಿದರು. ಪೆಡಲ್ ಮೆಲ್ಲಗೆ ಕೆಳಗಿಳಿಯಿತು. ನಟ್ಟಿಗೆ ಸಿಕ್ಕಿಸಿದ್ದ ನಳಿಕೆಯಿಂದ ಬಾಟಲಿಗೆ ಗಾಳಿ ಬಂದು ಗುಳುಗುಳು ಸದ್ದು. ನಟ್ಟು ಬಿಗಿದರು. "ಬುಡು!" ಹೀಗೇ ಮಾಡುತ್ತಾ ಮಾಡುತ್ತಾ ಒಂದು ಕಡೆ ಮುಗಿಯಿತು. ಪೆಡಲ್ ಎಷ್ಟೋ ಗಟ್ಟಿಯಾಗಿತ್ತು.

ಇನ್ನೊಂದು ಕಡೆಯ ಕೆಲಸವೂ ಮುಗಿಯುತ್ತಾ ಬಂದಿತ್ತು. "ಇಡ್ಕೊ!" ಎಂದು ಪಾಷಾ ನಟ್ಟು ಸಡಿಲಿಸಿದರು. ಅಷ್ಟರಲ್ಲಿ ಅಜ್ಜಿ, "ಪಾಷಾ, ಟೀ ಬಂದದೆ. ಕುಡಿಯಪ್ಪ" ಎಂದು ಕೂಗಿದರು.

"ಈಗ ಬ್ಯಾಡ, ಬುಡು ಅವ್ವ."

ಪ್ರಜ್ಞ ಕಾಲು ಎತ್ತಿದಳು. ಚಕ್ರದ ಕಡೆಯಿಂದ 'ಗುಳುಕ್' ಎಂದಿತು. ಅಜ್ಜಿಯ ಕಡೆ ತಿರುಗಿದ್ದ ಪಾಷಾ ಅದನ್ನು ಗಮನಿಸಲಿಲ್ಲ. ನಟ್ಟು ಬಿಗಿದು, "ಬುಡು!" ಎಂದರು.

ಇದೇನಿದು? ಕಾಲು ಆಗಲೇ ಮೇಲಿದೆಯಲ್ಲ! ಹಾಗಾದರೆ ಮೊದಲಿನ 'ಬುಡು' ಯಾರಿಗೆ? ಪಾಪ, ಅವಳಾದರೂ ಏನು ಮಾಡಿಯಾಳು. ಪಾಂಡವಪುರದ ಕಡೆಯವರಿಗೆ ಹೂಂ ಅನ್ನುವುದಕ್ಕೂ ಬುಡು ಬೇಕು, ಊಹೂಂ ಅನ್ನುವುದಕ್ಕೂ ಬುಡು ಬೇಕು.

"ಆಯ್ತು! ಇನ್ನು ಚಕ್ರ ಹಾಕ್ಬುಟ್ರೆ ಮುಗೀತು," ಎಂದು ಪಾಷಾ ಎದ್ದರು.

ಪ್ರಜ್ಞ ಒಮ್ಮೆ ತಾನೇ ಒತ್ತಿ ನೋಡಿದಳು. ಪೆಡಲ್ ಮೆತ್ತಗೆ ಒಳಗೆ ಹೋಯಿತು.

"ಅಜ್ಜೀ, ಇದು ಇಡ್ಲಿ ಥರ ಆಗಿದೆ."

"ನಿನ್ ಕಾಲು ಸೋತೋಗದೆ ಕಣವ್ವ, ಬುಡು. ಊಟದೊತ್ತಾಯ್ತು."

ಅಮ್ಮನೂ ಬಂದಳು. ಈಗ ಹೊರಟರೆ ಕತ್ತರಿ ಸಿಗುತ್ತದೆ. ಬಾಯಿ ಬಿಟ್ಟರೆ ಮತ್ತೆ ಹೊಡಿ, ಮತ್ತೆ ಇಡ್ಕೊ. ಪ್ರಜ್ಞಳಿಗೆ ಅಳುವೇ ಬಂತು. ಆದರೂ ಕಾಲು ಸುಮ್ಮನಿರಲಿಲ್ಲ. ಇನ್ನೊಮ್ಮೆ ಒತ್ತಿದಳು. ಮೆತ್ತಗೇ ಇತ್ತು.

"ಪಾಷಣ್ಣ, ಚಕ್ರ ಹಾಕ್ಬೇಡಿ! ನೀವು ಟೀ ಬೇಡ ಬುಡು ಅಂದ್ರಲ್ಲ, ಆಗ ನಾನು ಬಿಟ್ಬಿಟ್ಟೆ!"

ಪಾಷಾ ಓಡಿಬಂದು ಪೆಡಲ್ ಒತ್ತಿ ನೋಡಿದರು. "ಯಾ ಅಲ್ಲಾ! ಈ ನನ್ ಬಾಯಿ!" ಎಂದು ಹಣೆ ಚಚ್ಚಿಕೊಂಡರು. "ಒಳ್ಳೇದಾಯ್ತು ಹೇಳಿದ್ದು. ನಾನೂ ಒಂದ್ಸಲ ಒತ್ತಿ ನೋಡ್ದೆ ಏಳಬಾರ್ದಿತ್ತು."

"ಗಾಳಿ ಇದ್ರೆ ಯಾಕೆ ಮೆತ್ತಗಾಗುತ್ತೆ?"

ಪಾಷಾ ಮುಚ್ಚಳ ಹಾಕಿದ್ದ ತುಂಬಿದ ನೀರಿನ ಬಾಟಲಿ ಕೊಟ್ಟರು. "ಅದುಮು." ಪ್ರಜ್ಞ ಹಲ್ಲು ಕಚ್ಚಿ ಅದುಮಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಅರ್ಧ ನೀರು ಚೆಲ್ಲಿ, ಮುಚ್ಚಳ ಹಾಕಿ ಕೊಟ್ಟರು. ಲೊಟಕ್ಕನೆ ನೆಗ್ಗಿತು.

"ಓ! ಗಾಳಿ ತಾನೇ ಕುಗ್ಗುತ್ತೆ. ನಾವು ಒತ್ತಿದ್ದು ಚಕ್ರಕ್ಕೆ ಹೋಗೋದೇ ಇಲ್ಲ!"

"ಇನ್ಮೇಲೆ ಬುಡು ಅನ್ನಕಿಲ್ಲ. ನಿನ್ನ ಹೆಸ್ರು ಕೂಗ್ತೀನಿ. ಅದು ಕಿವಿಗೆ ಬೀಳೋಗಂಟ ಯಾರು ಏನೇ ಅಂದ್ರೂ ಕಾಲು ಎತ್ಬ್ಯಾಡ."

"ಹೊಡಿ... ಇಡ್ಕೊ... ಪ್ರಜ್ಞಾ!" ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಗೆ ಪೆಡಲ್ ಕಲ್ಲಿನಂತೆ ನಿಂತಿತು. ಪಾಷಾ ಗಾಡಿ ಓಡಿಸಿ, ಎರಡು ಮೂರು ಸಲ ಬ್ರೇಕ್ ಹಿಡಿದು ನೋಡಿ ಕೊಟ್ಟರು.

ಮೇಲುಕೋಟೆ ತಲುಪುವಷ್ಟರಲ್ಲಿ ಸೀರೆಯವರು ಬಂದು ಸೀರೆ ಕತ್ತರಿಸಿಕೊಂಡು ಹೋಗಿದ್ದರು. ಮಗ್ಗ ಖಾಲಿ. ಪ್ರಜ್ಞ ಅತ್ತಳು. ಚೆನ್ನಾಗಿಯೇ ಅತ್ತಳು. ಅಣ್ಣಮ್ಮ ಉಳಿದ ಕೆಂಪು ದಾರವನ್ನು ಅವಳ ಕೈಗೆ ಸುತ್ತಿದರು.

ಸಂಜೆ ಬೆಟ್ಟ ಇಳಿಯುವಾಗ ಪ್ರಜ್ಞ ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದಳು. ಒಂದು ತಿರುವಿನಲ್ಲಿ ಕುರಿಮಂದೆ ರಸ್ತೆಗೆ ಅಡ್ಡ ಬಂತು. ಅಮ್ಮ ಬ್ರೇಕ್ ಒತ್ತಿದಳು. ಗಾಡಿ ಸದ್ದಿಲ್ಲದೆ ನಿಂತಿತು. ಕುರಿಗಳು ಬ್ಯಾ ಎನ್ನುತ್ತಾ ದಾಟಿದವು.

"ಅಯ್ಯೋ, ನೀನ್ಯಾಕವ್ವ ಕಾಲು ಅಂಗೆ ಅದುಮ್ಕಂಡಿದ್ದೀಯ? ಬುಡು," ಎಂದರು ಅಜ್ಜಿ.

ಪ್ರಜ್ಞಳ ಬಲಗಾಲು ಮ್ಯಾಟಿನ ಮೇಲೆ ಗಟ್ಟಿಯಾಗಿ ಊರಿತ್ತು. ಅವಳು ಬಿಡಲಿಲ್ಲ.

ಇಳಿಜಾರು ಮುಗಿದು ರಸ್ತೆ ಸಮವಾಯಿತು. "ಪ್ರಜ್ಞಾ," ಎಂದಳು ಅಮ್ಮ, "ಕೆಳಗೆ ಬಂದ್ವಿ."

ಆಗ ಪ್ರಜ್ಞ ಕಾಲು ಎತ್ತಿದಳು.