ತಿರುಳೂ ಕಪ್ಪಾದ ಕವಳೆ

೧೯೮೪ರ ಜೂನ್ ತಿಂಗಳು. ಹೊನ್ನಾಳಿಯ ಪುಟ್ಟ ಸಂಶೋಧನಾ ತೋಟದಲ್ಲಿ ನಿರ್ಮಲಮ್ಮ ಎರಡು ಸೀಸೆ ಶೇಂಗಾ ಎಣ್ಣೆ ಮೂಸಿ ನೋಡಿದರು. ಒಂದು ಕಮಟು ಹಿಡಿದಿತ್ತು. ಕವಳೆ ಹಣ್ಣಿನ ಸಾರ ಬೆರೆಸಿದ್ದು ಆರು ತಿಂಗಳಾದರೂ ಕೆಟ್ಟಿರಲಿಲ್ಲ!

ಅದು ತೋಟದ ಕವಳೆಯಲ್ಲ. ತೋಟದ್ದಕ್ಕೆ ಸಿಪ್ಪೆಯಷ್ಟೇ ಕಪ್ಪು. ಕಳೆದ ವರ್ಷ ಜಗಳೂರಿನ ಬಸ್ ನಿಲ್ದಾಣದಲ್ಲಿ ಕುರಿಗಾಹಿ ಹೊನ್ನೂರಮ್ಮನಿಂದ ಕೊಂಡ ಹಣ್ಣಿನಲ್ಲಿ ಕೆಲವಕ್ಕೆ ತಿರುಳೂ ಕಪ್ಪಗಿತ್ತು. ಎಣ್ಣೆ ಕಾಯುವ ಆ ಕಪ್ಪು ತಾಯಿಗಿಡದಿಂದ ಮರಿಗೆ ಹೇಗೆ ಇಳಿಯುತ್ತದೆ? ಅದನ್ನು ತಿಳಿಯಲು ಆ ಗಿಡವೇ ಬೇಕು. ಆದರೆ ನೀಲಗಿರಿ ನೆಡಲು, ಹೊನ್ನೂರಮ್ಮ ಹಣ್ಣು ಕಿತ್ತ ಗುಡ್ಡವನ್ನು ಇದೇ ವಾರ ಸವರುತ್ತಾರಂತೆ. ನಿರ್ಮಲಮ್ಮ ಹೊನ್ನೂರಮ್ಮನಿಗೆ ಹೇಳಿಕಳಿಸಿ, ಡ್ರೈವರ್ ಉಚ್ಚಂಗೆಪ್ಪನ ಜೊತೆ ಜೀಪು ಹತ್ತಿದರು.

ಜಗಳೂರು ದಾಟಿದ ಮೇಲೆ ನೆಲವೆಲ್ಲ ಕಲ್ಲು. ಬಂಡೆಗಳ ಸಂದಿನಲ್ಲಿ ಜಾಲಿ, ಕಾರೆ, ಕವಳೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಗಾಳಿ ಎಷ್ಟು ಜೋರಿತ್ತೆಂದರೆ ಮಾತಾಡಲೂ ಕೂಗಬೇಕಿತ್ತು. ಗುಡ್ಡದ ಬುಡದಲ್ಲಿ ಹೊನ್ನೂರಮ್ಮ ಬುಟ್ಟಿ ಇಟ್ಟುಕೊಂಡು ಬೀಗುತ್ತ ನಿಂತಿದ್ದಳು.

"ನೀವು ಮುಳ್ಳಾಗೆ ಯಾಕೆ ಪರದಾಡ್ಬೇಕು ಅಂತ ಅಷ್ಟೂ ಗಿಡದ ಹಣ್ಣು ಬಿಡಿಸಿಟ್ಟೀನಿ ಕಣ್ರಮ್ಮ!"

ನಿರ್ಮಲಮ್ಮ ಬುಟ್ಟಿಯ ಮೇಲೆ ಬಾಗಿದರು. "ಅಯ್ಯೋ! ಕಪ್ಪು ತಿರುಳಿಂದು ಯಾವ ಗಿಡದ್ದು?"

"ನಾವೆಲ್ಲಿ ಕೊಯ್ದು ನೋಡ್ತೀವಿ? ಮಡಿಲಿಗೆ ಹಾಕ್ಕೋತೀವಿ, ತಿಂತೀವಿ."

ಉಚ್ಚಂಗೆಪ್ಪ ಕೊಯ್ದು ನೋಡಿದ. ನೂರಕ್ಕೆ ಹತ್ತರ ತಿರುಳು ಕಪ್ಪು. "ಇದ್ರ ಬೀಜ ಹಾಕಿದ್ರೆ ಆಗಲ್ವಾ ಮೇಡಂ?"

"ಬೀಜದಾಗೆ ತಾಯಿ ಗುಣ ಅರ್ಧ ಅಷ್ಟೇ ಕಣಪ್ಪ. ನಂಗೆ ತಾಯೇ ಬೇಕು."

ಹತ್ತಿದರು. ಮೇಲೆ ಇಪ್ಪತ್ತು ಪೊದೆ, ಇಪ್ಪತ್ತರಲ್ಲೂ ಒಂದು ಹಣ್ಣಿಲ್ಲ. ನಿರ್ಮಲಮ್ಮನಿಗೆ ಅಳು ಬಂದಂತಾಯಿತು. ಅಷ್ಟರಲ್ಲೇ ಒಂದು ಯೋಚನೆ ಹೊಳೆಯಿತು. ತಿರುಳಿಗೆ ಬಣ್ಣ ಕೊಟ್ಟ ಗುಣ ಗಿಡದ ಬೇರೆ ಕಡೆಯೂ ಬಣ್ಣ ಹಚ್ಚಿರಬಾರದೇಕೆ?

"ಹೊನ್ನೂರಮ್ಮ, ಚಿಗುರು ಕೆಂಪಿರೋ ಗಿಡ ಐತೇನ್ರಿ?"

"ಚಿಗುರೇನು, ಮುಳ್ಳೂ ಕೆಂಪಿರೋದು ಒಂದೈತೆ. ಅಗೋ, ಬಂಡೆ ಹಿಂದೆ!"

ಓಡಿದರು.

ಬಂಡೆಯ ಹಿಂದೆ ಏನೋ ಗುರುಗುಟ್ಟಿತು. ಕರಡಿ! ಕೆಂಪು ಮುಳ್ಳಿನ ಪೊದೆಯ ಕೆಳಗೆ ಕೂತು ಉದುರಿದ ಹಣ್ಣು ಹೆಕ್ಕುತ್ತಿತ್ತು.

"ಬೆನ್ನು ತೋರಿಸ್ಬ್ಯಾಡ್ರಿ. ಮೆಲ್ಲಕೆ ಹಿಂದಕ್ಕೆ ಬರ್ರಿ," ಹೊನ್ನೂರಮ್ಮ ಪಿಸುಗುಟ್ಟಿದಳು.

ಮೂವರೂ ಬಂಡೆಯ ಮರೆಗೆ ಸರಿದರು. ಒಂದು ಗಂಟೆ ಕಳೆಯಿತು. ಆ ಮಹಾರಾಯನಿಗೆ ಎದ್ದು ಹೋಗುವ ಯೋಚನೆಯೇ ಇಲ್ಲ.

ಆಗ ಇಳಿಜಾರಿನಲ್ಲಿ ಬುಲ್ಡೋಜರ್ ಗುಡುಗಿತು. ಕರಡಿ ಬೆಚ್ಚಿ ಪೊದೆಗಳೊಳಗೆ ನುಗ್ಗಿ ಮಾಯವಾಯಿತು.

"ನಡೀರಿ, ನಡೀರಿ!"

ಉಚ್ಚಂಗೆಪ್ಪ ಹಾರೆ ಹಾಕಿದ. ನೆಲವೋ ಬರೀ ಕಲ್ಲು. ಮುಳ್ಳು ತರಚಿ ಕೈಯೆಲ್ಲ ರಕ್ತ. ಬುಡದ ಪಕ್ಕ ತಾಯಿಬೇರಿನಿಂದಲೇ ಒಡೆದಿದ್ದ ಮರಿಯೊಂದನ್ನು ನಿರ್ಮಲಮ್ಮ ಉಗುರಿನಿಂದಲೇ ಬಿಡಿಸಿದರು. ಬುಲ್ಡೋಜರ್ ಬಂಡೆ ಮುಟ್ಟುವಾಗ ಅದು ಬೇರುಸಮೇತ ಒದ್ದೆ ಗೋಣಿಯೊಳಗಿತ್ತು. ತಾಯಿಗಿಡ ಅವರ ಕಣ್ಣೆದುರೇ ಮುರಿದು ಬಿತ್ತು. ಹೊನ್ನೂರಮ್ಮ ಸೆರಗು ಬಾಯಿಗೊತ್ತಿಕೊಂಡು ನಿಂತುಬಿಟ್ಟಳು.

ಹೊನ್ನಾಳಿ ತಲುಪುವಷ್ಟರಲ್ಲಿ ಮರಿಯ ಎಲೆಯೆಲ್ಲ ಬಾಡಿತ್ತು. ಹತ್ತು ದಿನ ಯಾರಿಗೂ ಸಮಾಧಾನವಿರಲಿಲ್ಲ. ಹನ್ನೊಂದನೆಯ ದಿನ ಕೆಂಪು ಚಿಗುರು ಇಣುಕಿತು.

ಮೂರು ವರ್ಷದ ಮೇಲೆ ಗಿಡ ಹಣ್ಣು ಬಿಟ್ಟಾಗ ನಿರ್ಮಲಮ್ಮ ಹೊನ್ನೂರಮ್ಮನನ್ನು ಕರೆಸಿಕೊಂಡರು. ಆಕೆಯ ಗುಡ್ಡದ ಮೇಲೆ ಈಗ ನೀಲಗಿರಿ ಬಿಟ್ಟರೆ ಏನೂ ಇಲ್ಲ. ಹಣ್ಣು ಕೊಯ್ದರು. ತಿರುಳೂ ಕಪ್ಪು! ಹೊನ್ನೂರಮ್ಮ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಅದೇ ಕಣ್ರಮ್ಮ... ಬದುಕೈತೆ!"

ಸಂಜೆಯ ಜಗಳೂರು ಬಸ್ಸಿನಲ್ಲಿ ಆಕೆಯ ಮಡಿಲಲ್ಲಿ, ಆ ಗಿಡದಿಂದಲೇ ಎಬ್ಬಿಸಿದ ಕೆಂಪು ಮುಳ್ಳಿನ ಸಸಿಯೊಂದು ಕೂತಿತ್ತು. ಯಾರು ಕೇಳಿದರೂ ಕೆಳಗಿಡಲು ಆಕೆ ಒಪ್ಪಲಿಲ್ಲ.