ಎಲ್ಲರಿಗಿಂತ ಮೇಲಿದ್ದ ಹೆಸರು

ಅಂದು ಬೆಳಿಗ್ಗೆ ಚನ್ನಪಟ್ಟಣದ ಮೇಲೆ ಮಳೆಯೂ ಅಲ್ಲದ ಬಿಸಿಲೂ ಅಲ್ಲದ ಒಂದು ಮಬ್ಬು ಕವಿದಿತ್ತು. ಕಾರ್ತಿಕದ ಸೋಮವಾರ. ಗೊಂಬೆ ಮಾಡುವವರ ಬೀದಿಯಲ್ಲಿ ಒಣಗಲು ಇಟ್ಟ, ಗೊಂಬೆಗೆ ಬಳಸುವ ಆಲೆಮರದ ತುಂಡುಗಳಿಗೆಲ್ಲ ಟಾರ್ಪಾಲು ಹೊದಿಸಿದ್ದರು. ಇಂಥ ಹವೆಯಲ್ಲಿ ಮರ ಥಂಡಿ ಹಿಡಿದು ಬಣ್ಣದ ಅರಗನ್ನು ಒಲ್ಲೆನ್ನುತ್ತದೆ. ನಾನು ಶಿವನ ಗುಡಿಯ ಭಜನೆ ಮುಗಿಸಿ ತೀರ್ಥದ ತಂಬಿಗೆ ಹಿಡಿದು ಹೋದಾಗ, ಬಸಮ್ಮನವರ ಜಗಲಿಯ ಮೇಲೆ ಒಬ್ಬ ಹೆಣ್ಣುಮಗಳು ತಲೆ ತಗ್ಗಿಸಿ ಕೂತಿದ್ದಳು.

ಬಸಮ್ಮನವರು ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಯಾರ ಮೇಲೆ ಅಪವಾದ ಬಂದರೂ ಜನ ಠಾಣೆಗೆ ಹೋಗುವ ಮೊದಲು ಅವರ ಜಗಲಿಗೆ ಬರುತ್ತಿದ್ದರು. ಪಕ್ಕದ ಮನೆಯ ವೆಂಕಟಯ್ಯನಾದ ನಾನು ಅವರ ಜೊತೆಗೆ ನೆರಳಿನಂತೆ ಹೋಗುತ್ತಿದ್ದೆ. ನೋಡಿದ್ದನ್ನು ಮರೆಯದೆ ಹೇಳುವುದಷ್ಟೇ ನನ್ನ ಪಾಲಿನ ಸೇವೆ.

ಬಂದವಳು ಫಿರೋಜಾ. ಸ್ವಾಮಿ ಎಂಬುವರ ಗೊಂಬೆ ಕಂಪನಿಯಲ್ಲಿ ಹೊರದೇಶದ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಕೂಸುಗಳ ಕೈಗೆ ಕೊಡುವ ಗಿಲಕಿಯೊಳಗೆ ಕಲ್ಲಿನ ಬದಲು ರಾಗಿ ತುಂಬುವ ಉಪಾಯ ಅವಳದೇ. ಒಬ್ಬ ಜರ್ಮನ್ ಗಿರಾಕಿ ಅದನ್ನು ಮೆಚ್ಚಿ, ಮಾದರಿ ನೋಡಿ ಆರ್ಡರ್ ಕೊಡುವುದಾಗಿ ಬರೆದಿದ್ದ. ಇವರ ಮಾದರಿ ಸಿದ್ಧವಾಗುವ ಮೊದಲೇ ಅದೇ ಬೀದಿಯ ಮುನವ್ವರಾ ಅವರ ಕಾರ್ಖಾನೆಯಿಂದ ರಾಗಿ ತುಂಬಿದ ಗಿಲಕಿ ಅವನಿಗೆ ಮುಟ್ಟಿತ್ತು. ಮುನವ್ವರಾ ಫಿರೋಜಾಳ ಸೋದರತ್ತೆ.

"ನಿನ್ನೆ ಸಂಜೆ ಆಫೀಸಿನ ಬೀಗದ ಕೈ ಈಸ್ಕೊಂಡ್ರು ಅಮ್ಮ. ದಿನಾ ಬೆಳಿಗ್ಗೆ ಬಾಗಿಲು ತೆಗೀತಿದ್ದೋಳು ನಾನು. ಇವತ್ತು ಬೀದೀಲಿ ಎಲ್ರೂ ನನ್ನ ಕೈ ನೋಡ್ತಾರೆ," ಎಂದಳು. ಅವಳು ಅಳಲಿಲ್ಲ. ಈ ಊರಿನಲ್ಲಿ ಕಂಪನಿಯ ಗುಟ್ಟು ಮಾರಿದವಳು ಎನಿಸಿಕೊಂಡರೆ ಇನ್ನಾರೂ ತನ್ನನ್ನು ಕೆಲಸಕ್ಕೆ ಕರೆಯರೆಂದು ಮಾತ್ರ ಮೆಲ್ಲಗೆ ಹೇಳಿದಳು.

ಬಸಮ್ಮನವರು ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ನಡೀರಿ ವೆಂಕಟಯ್ನೋರೆ," ಎಂದರು.

ಬೀದಿಯಲ್ಲಿ ಹೋಗುತ್ತ ನಾನು ಹಳೆಯ ಕಾಲವನ್ನು ನೆನೆದೆ. ಆಗ ಒಂದು ಮನೆಗೆ ದೊಡ್ಡ ಕೆಲಸ ಬಂದರೆ ಆ ಮನೆಯ ಹಿರಿಯ ಬೀದಿಗೆಲ್ಲ ಹೇಳಿ ಬರುತ್ತಿದ್ದ. ಮರ ಕಡೆಯುವ ಎಲ್ಲರ ಲೇತೂ ತಿರುಗಬೇಕು, ಎಲ್ಲರ ಒಲೆಯೂ ಉರಿಯಬೇಕು ಎಂಬುದು ರೂಢಿ. ಈಗ ಎರಡು ಸಾವಿರದ ಏಳನೆಯ ಇಸವಿ. ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದವು, ನಮ್ಮ ಬೀದಿಗೂ ಕಂಪ್ಯೂಟರು ಬಂದಿತ್ತು. ಬಸಮ್ಮನವರು ನನ್ನ ಮಾತಿಗೆ ಹೂಂಗುಟ್ಟಿದರು, ಅಷ್ಟೇ.

ಕಂಪನಿಯಲ್ಲಿ ಸ್ವಾಮಿಯ ಪಕ್ಕ ಮನೋಹರ್ ಎಂಬಾತ ಕೂತಿದ್ದ. ಗಿರಾಕಿಗಳ ವಿವರ ಇಡುವ ಸಾಫ್ಟ್‌ವೇರನ್ನು ಕೂಡಿಸಿಕೊಟ್ಟವನು ಅವನೇ. ಗೋಡೆಯ ಬೋರ್ಡಿನ ಮೇಲೆ ವಂಶವೃಕ್ಷದಂಥ ಒಂದು ಚಿತ್ರ ಬರೆದು ವಿವರಿಸಿದ. ಮೇಲಿನ ಸ್ಥಾನದವರು ತಮ್ಮ ಕೆಳಗಿನವರು ಬರೆದಿಟ್ಟದ್ದನ್ನೆಲ್ಲ ನೋಡಬಹುದು. ಕೆಳಗಿನವರಿಗೆ ಮೇಲಿನದು ಕಾಣದು. ಅಕ್ಕಪಕ್ಕದವರಿಗೂ ಒಬ್ಬರದೊಬ್ಬರಿಗೆ ಕಾಣದು. ಆದ್ದರಿಂದ ಜರ್ಮನ್ ಗಿರಾಕಿಯ ವಿಷಯ ಫಿರೋಜಾಳಿಗೆ ಗೊತ್ತು, ಅವಳ ಮೇಲಿನ ಸ್ವಾಮಿಗೆ ಗೊತ್ತು. ಕೂಡಿಸಿಕೊಟ್ಟ ಮನೋಹರ್ ತನಗೂ ಏನೂ ಕಾಣದಂತೆ ಕೆಲಸ ಮುಗಿದ ದಿನವೇ ತನ್ನ ಹೆಸರು ತೆಗೆಸಿದ್ದ.

"ಸ್ವಾಮಿಯೋರ ಮೇಲೆ ಇನ್ನೊಂದು ಹೆಸರೈತಲ್ಲ?" ಎಂದು ಬಸಮ್ಮನವರು ಚಿತ್ರದ ತುದಿಗೆ ಬೆರಳು ತೋರಿಸಿದರು.

ಅದು ಸ್ವಾಮಿಯ ದೊಡ್ಡಪ್ಪ ಮರಿಯಪ್ಪನವರ ಹೆಸರು. ಸ್ವಾಮಿ ನಕ್ಕುಬಿಟ್ಟರು. "ಅದು ಮರ್ಯಾದೆಗೆ ಹಾಕಿದ್ದು ಬಸಮ್ಮನೋರೆ. ಲಗ್ನಪತ್ರಿಕೇಲಿ ದೊಡ್ಡೋರ ಹೆಸ್ರು ಕೆಳಗೆ ಹಾಕಕ್ಕಾಯ್ತದಾ? ಇದೂ ಅಂಗೇಯ. ಅವರಿಗೆ ಕಣ್ಣು ಮಂಜು, ಕಂಪ್ಯೂಟರ್ ಮುಟ್ಟೋರೂ ಅಲ್ಲ. ಈ ರಾಗಿ ಗಿಲಕಿ ವಿಷಯ ಅವರಿಗೆ ನಾನು ಹೇಳೂ ಇಲ್ಲ."

ಮರಿಯಪ್ಪನವರು ಹಿಂದಿನ ಕೋಣೆಯಲ್ಲಿ ಕೂತಿದ್ದರು. ಅವರ ಮುಂದಿನ ಕಂಪ್ಯೂಟರಿಗೆ ಕುಂಕುಮ ಇಟ್ಟು, ಮೇಲೊಂದು ಕಣಗಿಲೆ ಹೂವು ಏರಿಸಿದ್ದರು. ಲೇತಿಗೆ ಹೇಗೋ ಇದಕ್ಕೂ ಹಾಗೆ. ಅದರೆದುರು ಎರಡು ಕುರ್ಚಿಗಳಿದ್ದವು. ಒಂದರ ಕೆಳಗೆ ಬಾಡಿದ ಮಲ್ಲಿಗೆಯ ಒಂದೆರಡು ಮೊಗ್ಗು ಬಿದ್ದಿದ್ದವು. ಬಸಮ್ಮನವರು ಯೋಗಕ್ಷೇಮ ಕೇಳಿದರು, ಮಳೆಯ ಮಾತು ಬಂತು.

"ಮಳೆ ಬುಡಿ, ಬತ್ತದೆ ಓಯ್ತದೆ," ಎಂದರು ಮರಿಯಪ್ಪ. "ಗಿಲಕಿಯೊಳಗೆ ರಾಗಿ ಆಡ್ಸಿ ನೋಡಿದ್ದೀರಾ? ಎಂಚಿನ ಮ್ಯಾಲೆ ಒಸಿ ಮಳೆ ಬಿದ್ದಂಗೆ ಸದ್ದು. ನಮ್ಮ ಫಿರೋಜಾ ಕೂಸು ಚೆಂದಾಗಿ ಯೋಚ್ನೆ ಮಾಡೈತೆ."

ಆಗ ಸ್ವಾಮಿಯ ಹೆಂಡತಿ ಸೌಮ್ಯ ಕಾಫಿ ತಂದಳು. ಮುಡಿಯಲ್ಲಿ ಮಲ್ಲಿಗೆ ದಂಡೆ. ನಾನು ಕಾಫಿಯ ಘಮವನ್ನಷ್ಟೇ ಗಮನಿಸಿದೆ. ಬಸಮ್ಮನವರು ಹೊರಗೆ ಬಂದು ಸ್ವಾಮಿಗೆ, "ಸಂಜೆ ದೀಪ ಹಚ್ಚೋ ಹೊತ್ತಿಗೆ ದೊಡ್ಡಪ್ಪನ ಕೋಣೇಲಿ ಎಲ್ರೂ ಸೇರಿ. ಮುನವ್ವರಾನ್ನ ನಾನು ಕರ್ಕೊಂಡು ಬತ್ತೀನಿ," ಎಂದರು. ಸ್ವಾಮಿಯ ಮುಖ ಗಂಟಾಯಿತು. ಆದರೂ ಆಗಲೆಂದರು.

ಸಂಜೆ ಎಲ್ಲರೂ ಸೇರಿದರು. ಫಿರೋಜಾ ಬಾಗಿಲ ಹೊರಗೇ ನಿಂತಳು. ಬೀಗದ ಕೈ ಕಸಿದುಕೊಂಡ ಮನೆಯೊಳಗೆ ಕರೆಯದೆ ಬರಲಾರೆ ಎಂದಳು. ಬಸಮ್ಮನವರು ದೀಪಕ್ಕೆ ಕೈಮುಗಿದು ಮಾತು ತೆಗೆದರು.

"ಎಕ್ಸ್‌ಚೇಂಜಲ್ಲಿ ನಾನು ಕೂತಿದ್ದ ಜಾಗಕ್ಕೆ ಊರವರ ಮಾತೆಲ್ಲ ಬರೋದು. ಆ ಕುರ್ಚಿ ಕೊಟ್ಟಿದ್ದು ಮರ್ಯಾದೆಗಲ್ಲ, ಕೆಲಸಕ್ಕೆ. ಸ್ವಾಮಿಯೋರೆ, ನೀವು ಕೆಲಸದ ಕುರ್ಚೀನ ಮರ್ಯಾದೆಗೆ ಕೊಟ್ರಿ. ಲಗ್ನಪತ್ರಿಕೇಲಿ ಮೇಲಿರೋ ಹೆಸರು ಯಾವ ಬಾಗಿಲೂ ತೆಗೆಯೋದಿಲ್ಲ. ಈ ಸಾಫ್ಟ್‌ವೇರಲ್ಲಿ ಮೇಲಿರೋ ಹೆಸರು ಎಲ್ಲಾ ಬಾಗಿಲೂ ತೆಗೀತದೆ."

ಆಮೇಲೆ ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ರಾಗಿಯ ಮಾತನ್ನು ಸ್ವಾಮಿ ದೊಡ್ಡಪ್ಪನಿಗೆ ಹೇಳಿರಲಿಲ್ಲ, ಆದರೂ ಅವರ ಬಾಯಲ್ಲಿ ಅದು ಬಂತು. ಅದು ಯಾರ ಯೋಚನೆ ಎಂಬುದೂ ಅವರಿಗೆ ಗೊತ್ತಿತ್ತು. ಕಣ್ಣು ಕಾಣದವರಿಗೆ ಯಾರೋ ಓದಿ ಹೇಳಿರಬೇಕು. ಎರಡನೆಯ ಕುರ್ಚಿ ಹಾಗೆ ಓದಿ ಹೇಳಿದವರದೇ, ಅದರ ಕೆಳಗೆ ಉದುರಿದ ಮಲ್ಲಿಗೆಯೂ ಅವರ ಮುಡಿಯದೇ ಎಂದು ಸೌಮ್ಯಳ ಕಡೆ ನೋಡಿದರು.

ಸೌಮ್ಯ ಬೆದರಿದಂತೆ ಗಂಡನನ್ನು ನೋಡಿದಳು. "ದೊಡ್ಡಮಾವನಿಗೆ ಬೆಳಿಗ್ಗೆ ಪೇಪರ್ ಓದ್ತೀನಿ, ಸಂಜೆ ಇದನ್ನ ಓದ್ತೀನಿ. ಅವರ ಹೆಸರಲ್ಲೇ ಅಲ್ವಾ ತೆಗೆಯೋದು? ಅವರಿಗೆ ಕಾಣಬಾರದ್ದು ಅಲ್ಲಿ ಏನಿರ್ತದೆ ಅಂತ ಓದಿದೆ. ನಾನು ಯಾರಿಗೂ ಹೇಳಿಲ್ಲ."

"ನೀನು ಹೇಳಿಲ್ಲ ತಾಯಿ," ಎಂದರು ಬಸಮ್ಮ. "ದೊಡ್ಡ ಕೆಲಸ ಬಂದ್ರೆ ಬೀದಿಗೆ ಹೇಳ್ಬೇಕು ಅನ್ನೋ ಹಳೇ ಕಾಲದೋರು ಈ ಮನೇಲಿ ಒಬ್ರೇ ಇದ್ದಾರೆ."

ಮುನವ್ವರಾ ಸೆರಗು ಸರಿಪಡಿಸಿಕೊಂಡು ಸ್ವಾಮಿಯ ಕಡೆ ತಿರುಗಿದರು. "ನೀನೊಂದ್ಸಲ ಬಂದು ಕೇಳಿದ್ರೆ ಹೇಳ್ತಿರ್ಲಿಲ್ವೇನಪ್ಪ? ಮರಿಯಪ್ಪಣ್ಣ ದರ್ಗಾ ಹತ್ರ ಸಿಕ್ಕಿ ಎಲ್ಲಾ ಹೇಳಿ, ನೀನೂ ಮಾದರಿ ಕಳ್ಸಮ್ಮ ಅಂದ್ರು. ನಮ್ಮ ಯಜಮಾನ್ರು ಇದ್ದಾಗಿಂದ್ಲೂ ಅಂಗೇ ಅಲ್ವಾ ನಡ್ಕೊಂಡು ಬಂದಿರೋದು? ಈ ಮನೆಯೋರೆಲ್ಲ ಸೇರಿ ಹೇಳಿ ಕಳ್ಸವ್ರೆ ಅನ್ಕೊಂಡೆ. ನಮ್ಮುಡುಗಿ ಮಾತ್ರ ಆಫೀಸಿನ ಒಂದು ಮಾತನ್ನೂ ನಮ್ಮನೇಲಿ ಆಡ್ದೋಳಲ್ಲ."

 ಫಿರೋಜಾಳ ಮೇಲೆ ಅಪವಾದ ಬಂದದ್ದನ್ನು ಸ್ವಾಮಿ ಮರಿಯಪ್ಪನವರಿಂದ ಮುಚ್ಚಿಟ್ಟಿದ್ದರು, ದೊಡ್ಡ ಜೀವಕ್ಕೆ ನೋವಾಗಬಾರದೆಂದು. ಈಗ ತಿಳಿದ ಮೇಲೆ ಅವರು ಕುರ್ಚಿಯಿಂದ ಎದ್ದು ನಿಂತರು. "ಈ ಬೀದಿ ತಿರುಗ್ಲಿ ಅಂತ ಹೇಳ್ದೆ ಕಣ್ಲಾ ಸ್ವಾಮಿ. ಒಬ್ಬ ಹೆಣ್ಮಗಳ ಬಾಳು ತಿರುಗ್ಬುಡ್ತದೆ ಅಂತ ನಂಗೊತ್ತಿರ್ನಿಲ್ಲ."

ಮನೋಹರ್ ಏನೋ ಸಮಾಧಾನ ಹೇಳಹೋದ. ಮರಿಯಪ್ಪ ಕೈಯೆತ್ತಿ ತಡೆದರು. ತಮ್ಮ ಹೆಸರು ಹೊರಗಿನ ಬೋರ್ಡಿನ ಮೇಲೆ ಇದ್ದರೆ ಸಾಕು, ಈ ಮಿಷನ್ನಿನೊಳಗಿಂದ ತೆಗೆದುಬಿಡಿ, ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅವರಿಗೆ ಕಾಣಲಿ ಎಂದರು. ಮುನವ್ವರಾ ಆ ಗಿರಾಕಿಗೆ ಗಿಲಕಿ ಯಾರ ಯೋಚನೆಯೆಂದು ತಾವೇ ಬರೆಸುವುದಾಗಿ ಹೇಳಿದರು. ಆರ್ಡರ್ ದೊಡ್ಡದಾಗಿ ಬಂದರೆ ಅವರ ಲೇತಿಗೂ ಕೆಲಸ ಕಳಿಸುತ್ತೇನೆ ಎಂದು ಸ್ವಾಮಿ ನೆಲ ನೋಡುತ್ತ ಒಪ್ಪಿದರು.

ಬಳಿಕ ಮರಿಯಪ್ಪನವರು ಅಂಗೈ ಚಾಚಿದರು. ಏನು ಕೇಳುತ್ತಿದ್ದಾರೆಂದು ಸ್ವಾಮಿಗೆ ತಿಳಿಯಿತು. ಜೇಬಿನಿಂದ ಬೀಗದ ಕೈ ತೆಗೆದು ಅಲ್ಲಿಟ್ಟರು. ಅದರ ದಾರಕ್ಕೆ ಅರಗಿನ ಹಳದಿ ಮಣಿಯೊಂದಿತ್ತು, ಮರಿಯಪ್ಪನವರೇ ಕಣ್ಣು ಕಾಣುತ್ತಿದ್ದಾಗ ಲೇತಿನಲ್ಲಿ ತಿರುಗಿಸಿದ್ದು. ಮುದುಕರು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದರು. ಹೊರಗೆ ಮಬ್ಬು ಹರಿದು, ಬೀದಿಯಲ್ಲಿ ಯಾರೋ ಟಾರ್ಪಾಲು ಮಡಿಸುತ್ತಿದ್ದರು. ಮರಿಯಪ್ಪನವರು ತಡಕಿ ಫಿರೋಜಾಳ ಕೈ ಹುಡುಕಿ, ಬೀಗದ ಕೈಯನ್ನು ಅದರಲ್ಲಿಟ್ಟು ಬೆರಳುಗಳನ್ನು ಮಡಿಸಿದರು.